ಮುದ್ದಪ್ಪನ ಬೆಣಚುಕಲ್ಲು

ಮುದ್ದಪ್ಪನಿಗೆ ಕೊಡಬೇಕಾದ ಒಂದು ದಿನದ ಕೂಲಿ ಇನ್ನೂ ಬಾಕಿ ಇದೆ. ಕೂಲಿಯ ಜೊತೆಗೆ ಒಂದು ಕಲ್ಲೂ ಬಾಕಿ ಇದೆ. ಕೂಲಿಯ ಮಾತನ್ನು ಅವನ ಹೆಂಡತಿ ಜುಂಜಮ್ಮ ಎಂದೋ ಬಿಟ್ಟಳು. ಕಲ್ಲಿನ ಮಾತನ್ನು ಬಿಟ್ಟಿಲ್ಲ. ಯಾಕೆ ಬಿಡಬೇಕು?

ಮಧುಗಿರಿಯಿಂದ ಪುರವರದ ದಾರಿ ಹಿಡಿದು, ನಡುವೆ ಎಡಕ್ಕೆ ಗಾಡಿಜಾಡಿಗೆ ಇಳಿದರೆ ಹೋತನಗಲ್ಲು ಎಂಬ ಬೆಟ್ಟ ಸಿಗುತ್ತದೆ. ಮಧುಗಿರಿ ಬೆಟ್ಟಕ್ಕಿರುವ ಕೋಟೆ ಇದಕ್ಕಿಲ್ಲ. ಮೆಟ್ಟಿಲಿಲ್ಲ, ಹಿಡಿದುಕೊಳ್ಳಲು ಕಬ್ಬಿಣದ ಕಂಬಿಯಿಲ್ಲ. ಯಾವ ರಾಜನೂ ಇದನ್ನು ಹತ್ತಿ ಉಚ್ಚೆ ಹೊಯ್ದ ದಾಖಲೆಯಿಲ್ಲ. ಮುನಿಸಿಕೊಂಡು ಬೆನ್ನು ತಿರುಗಿಸಿ ಕೂತ ಮುದುಕನ ಹಾಗೆ ಒಂದೇ ಬೋಳು ಬಂಡೆ. ಬುಡದಲ್ಲಿ ಕುರಿಮೇಕೆ ಕಾಯುವವರ ಒಂದು ಹಟ್ಟಿ, ಹಟ್ಟಿಯ ಮುಂದೆ ಬೈರಪ್ಪನ ಬೀಡಿ ಅಂಗಡಿ. ಅಂಗಡಿಯ ಎದುರಿಗೆ, ಬೆಟ್ಟ ಹತ್ತುವ ಜಾಗದಲ್ಲಿ, ಮಂಚದಷ್ಟು ಅಗಲದ ಚಪ್ಪಟೆ ಬಂಡೆಯೊಂದಿದೆ. ಅದಕ್ಕೆ ಕಾವಲು ಬಂಡೆ ಅಂತ ಹೆಸರು.

ಬೆಟ್ಟ ಹತ್ತುವವರು ಯಾರೇ ಆಗಲಿ, ಕಾವಲು ಬಂಡೆಯ ಮೇಲೆ ಒಂದು ಕಲ್ಲಿಟ್ಟು ಹತ್ತಬೇಕು. ಇಳಿದ ಮೇಲೆ ತನ್ನ ಕಲ್ಲನ್ನು ತಾನೇ ಎತ್ತಬೇಕು. ದನಕರು ಮನೆಗೆ ಬರುವ ಹೊತ್ತಿಗೆ ಬಂಡೆಯ ಮೇಲೆ ಕಲ್ಲು ಉಳಿದಿದ್ದರೆ ಯಾರೋ ಮೇಲೆ ಸಿಕ್ಕಿಕೊಂಡಿದ್ದಾರೆ ಎಂದು ಅರ್ಥ. ಆಗ ಹಟ್ಟಿಯ ಗಂಡಸರೆಲ್ಲ ಹಗ್ಗ ತೆಗೆದುಕೊಂಡು ಹೊರಡಲೇಬೇಕು. ಯಾರ ಕಲ್ಲು ಎಂದು ಕೇಳುವಂತಿಲ್ಲ. ನಿನ್ನೆ ಜಗಳವಾಡಿದವನದಾದರೂ ಸರಿ, ಮರಿ ಕದ್ದವನದಾದರೂ ಸರಿ. ಒಬ್ಬರ ಕಲ್ಲನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಮುಟ್ಟಿದ ಕೈ ಹೆಣ ಮುಟ್ಟಿದ ಕೈ, ತೊಳೆದರೂ ಹೋಗದು ಅನ್ನುತ್ತಾರೆ.

ಒಳ್ಳೆಯ ಪದ್ಧತಿಯೇ. ಕಲ್ಲಿದ್ದರೆ ಹಟ್ಟಿ ಯಾರನ್ನೂ ಕೈಬಿಡುತ್ತಿರಲಿಲ್ಲ. ಆದರೆ ಕಲ್ಲಿಲ್ಲದಿದ್ದರೆ ಯಾರನ್ನೂ ಹುಡುಕುತ್ತಲೂ ಇರಲಿಲ್ಲ. ತಮ್ಮ ಕಣ್ಣಿಗಿಂತ, ಹೆಂಡತಿಯ ಬಾಯಿಗಿಂತ ಅವರಿಗೆ ಬಂಡೆಯ ಮೇಲೆ ನಂಬಿಕೆ. ಆ ನಂಬಿಕೆಯೇ ಮುದ್ದಪ್ಪನನ್ನು ತಿಂದಿತು.

ಮುದ್ದಪ್ಪ ಮೇಕೆ ಕಾಯುತ್ತಿದ್ದವನು. ಒಣಕಲು ಆಳು, ಬಾಯಿ ದೊಡ್ಡದು, ಕಾಲು ಬಂಡೆಗೆ ಹಲ್ಲಿಯ ಹಾಗೆ ಅಂಟುತ್ತಿತ್ತು. ಬೆಟ್ಟ ನೋಡಲು ಬಂದವರನ್ನು ಹತ್ತಿಸಿ ಇಳಿಸುವುದು ಅವನ ಉಪಕಸುಬು. ಹೆಗಲ ಮೇಲೆ ತಾನೇ ಹೊಸೆದ ಕತ್ತಾಳೆ ನಾರಿನ ಹಗ್ಗ. ಹತ್ತುವಾಗ ಮುಂದೆ, ಇಳಿಯುವಾಗಲೂ ಮುಂದೆ, ಅಂದರೆ ಎಲ್ಲರಿಗಿಂತ ಕೆಳಗೆ. ಮೇಲಿನವರು ಜಾರಿದರೆ ತನ್ನ ಮೇಲೆ ಬೀಳಲಿ ಅಂತ. ಒಂದು ಷೋಕಿ ಅವನಿಗಿತ್ತು. ಎಲ್ಲರೂ ಕೈಗೆ ಸಿಕ್ಕ ಕಲ್ಲಿಟ್ಟು, ಇಳಿದ ಮೇಲೆ ಅದನ್ನು ಪೊದೆಗೆ ಎಸೆದರೆ, ಇವನು ದಿನಾ ಒಂದೇ ಕಲ್ಲನ್ನು ಇಡುತ್ತಿದ್ದ. ಕೋಳಿಮೊಟ್ಟೆಯಷ್ಟು ದಪ್ಪದ ಬಿಳಿ ಬೆಣಚುಕಲ್ಲು, ಮಧ್ಯೆ ಕೆಂಪನೆಯ ಒಂದು ಗೀರು. ಇಳಿದ ಮೇಲೆ ಅದು ಎಲೆಅಡಿಕೆಯ ಸಂಚಿಯೊಳಗೆ ಸೇರುತ್ತಿತ್ತು.

"ಹೆಂಡ್ತಿಗೊಂದು ಮೂಗುಬಟ್ಟು ತರ್ಲಿಲ್ಲ, ಕಲ್ಲಿಗೆ ಸಂಚಿ ಹೊಲಿಸ್ಕಂಡವ್ನೆ ನೋಡಮ್ಮ ನಿನ್ ಮಗ," ಎಂದು ಜುಂಜಮ್ಮ ಅತ್ತೆ ಕರಿಯಕ್ಕನ ಮುಂದೆ ಆಡಿಕೊಳ್ಳುತ್ತಿದ್ದಳು.

"ಹೆಂಡ್ತಿ ಕಳ್ದೋದ್ರೆ ಇನ್ನೊಬ್ಳು ಸಿಗ್ತಾಳೆ ಕಣಮ್ಮೀ. ಇಂತಾ ಕಲ್ಲು ಸಿಗಲ್ಲ," ಎನ್ನುತ್ತಿದ್ದ ಮುದ್ದಪ್ಪ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಬೆಂಗಳೂರಿನಿಂದ ಒಂದು ಮ್ಯಾಟಡಾರ್ ವ್ಯಾನು ಭಾನುವಾರಗಳಂದು ಬರತೊಡಗಿತು. ಚಾರಣ ಸಂಘದವರು. ಅವರ ಮುಖಂಡ ರೇಣುಕಯ್ಯ. ಬೆಂಗಳೂರಿನವನಲ್ಲ, ಪುರವರದಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದವರ ಮನೆಯ ಹುಡುಗ. ಓದಿ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದ. ಕಾರ್ಖಾನೆ ಅವನನ್ನು ತರಬೇತಿಗೆಂದು ಇಟಲಿಗೆ ಕಳಿಸಿತ್ತು. ಅಲ್ಲಿ ಸಾರ್ಡೀನಿಯಾ ಎಂಬ ದ್ವೀಪಕ್ಕೆ ಹೋಗಿ, ಕಡಲ ಮೇಲೆ ಚಾಚಿಕೊಂಡ ಬಂಡೆಗಳ ಅಂಚಿನಲ್ಲಿ ಗೈಡಿನ ಹಿಂದೆ ನಡೆದು ಬಂದಿದ್ದ. ಬಂದವನಿಗೆ ಆ ಹುಚ್ಚು ಇಳಿಯಲಿಲ್ಲ. ಪ್ರತಿ ಸಲವೂ ಬೆಟ್ಟದ ಬುಡದಲ್ಲಿ ನಿಂತು ಅದೇ ಭಾಷಣ.

"ಅಲ್ಲಿ ಗೈಡ್ ಇಲ್ಲದೆ ಯಾರೂ ಒಂದು ಹೆಜ್ಜೆ ಇಡಲ್ಲ. ಗೈಡ್ ಅಂದ್ರೆ ದೇವರಿದ್ದ ಹಾಗೆ. ಅವನು ನಿಲ್ಲು ಅಂದ್ರೆ ನಿಲ್ಲಬೇಕು, ವಾಪಸ್ ಅಂದ್ರೆ ವಾಪಸ್." ಇಷ್ಟು ಹೇಳಿ ಮುದ್ದಪ್ಪನ ಕಡೆ ತಿರುಗಿ, "ಲೇ ಮುದ್ದಾ, ಆ ಬ್ಯಾಗುಗಳನ್ನ ಎತ್ಕೊಳೋ," ಎನ್ನುತ್ತಿದ್ದ.

ಮುದ್ದಪ್ಪ ಬ್ಯಾಗು ಹೊತ್ತುಕೊಂಡೇ ಕೇಳಿದ್ದ. "ಸಮುದ್ರದ ಅಂಚಲ್ಲಿ ನಡೆಯೋವಾಗ ಬಿದ್ರೆ ಎಲ್ಲಿಗ್ ಬೀಳ್ತಾರೆ ಸ್ವಾಮಿ?"

"ನೀರಿಗೆ."

"ವಾಸಿ ಬುಡಿ. ಇಲ್ಲಿ ಬಿದ್ರೆ ನೆಲಕ್ ಬೀಳಕ್ಕೂ ಪುಣ್ಯ ಬೇಕು. ಮಧ್ಯದಾಗೆ ಹದ್ದಿನ ಸಂದಿ ಐತೆ. ಅಲ್ಲಿ ಕುಂತ್ರೆ ಮೇಲೂ ಇಲ್ಲ, ಕೆಳಗೂ ಇಲ್ಲ."

ಹದ್ದಿನ ಸಂದಿ ಅಂದರೆ ಬೆಟ್ಟದ ಮಗ್ಗುಲಲ್ಲಿ, ಗೋಡೆಗೆ ಹೊಡೆದ ಹಲಗೆಯಂಥ ಒಂದು ಚಾಚು. ಹದ್ದುಗಳು ಗೂಡು ಕಟ್ಟುವ ಜಾಗ. ಮೇಲಿನಿಂದ ಹಗ್ಗ ಬಿಟ್ಟರೆ ಮಾತ್ರ ಅಲ್ಲಿಗೆ ಹೋಗಬಹುದು, ಹಗ್ಗವಿದ್ದರೆ ಮಾತ್ರ ಅಲ್ಲಿಂದ ಬರಬಹುದು.

ಎಪ್ಪತ್ತೊಂಬತ್ತರ ಬೇಸಿಗೆ. ಯುಗಾದಿ ಕಳೆದು ಅಡ್ಡಮಳೆ ಬೀಳುವ ದಿನಗಳು. ಆ ಭಾನುವಾರ ಬಂದವರು ಒಂದು ವ್ಯಾನಿನ ತುಂಬ ಜನ. ಪಾವಗಡದ ಕಡೆ ಮೋಡ ಕಟ್ಟಿದ್ದನ್ನು ನೋಡಿ ಮುದ್ದಪ್ಪ ಇವತ್ತು ಬೇಡ ಎಂದ. ಬೈರಪ್ಪ ಅಂಗಡಿಯಲ್ಲಿ ಕೂತು ಅದನ್ನು ಕೇಳಿಸಿಕೊಂಡಿದ್ದಾನೆ. ರೇಣುಕಯ್ಯ ಒಪ್ಪಲಿಲ್ಲ, ಪತ್ರಿಕೆಗೆ ಫೋಟೊ ಬೇಕಿತ್ತಂತೆ. ಎಲ್ಲರೂ ಕಾವಲು ಬಂಡೆಯ ಮೇಲೆ ಕಲ್ಲಿಟ್ಟರು. ನಡುವೆ ಮುದ್ದಪ್ಪನ ಬೆಣಚುಕಲ್ಲು. ಹತ್ತಿದರು. ಮಧ್ಯಾಹ್ನ ಮಳೆ ಹುಯ್ದು ನಿಂತಿತು.

ಸಂಜೆ ಹೊತ್ತಿಗೆ ಗುಂಪು ಇಳಿಯಿತು. ಬೈರಪ್ಪ ತಲೆಯೆತ್ತಿ ಕೇಳಿದ, "ಮುದ್ದಪ್ಪ ಎಲ್ಲಿ ಸ್ವಾಮಿ?"

"ಮುಂಚೆನೇ ಇಳಿದು ಹೋದನಲ್ಲ," ಎಂದ ರೇಣುಕಯ್ಯ. ವ್ಯಾನು ಹೋಯಿತು. ಬೈರಪ್ಪ ಬಂಡೆಯ ಕಡೆ ನೋಡಿದ. ಒಂದು ಕಲ್ಲೂ ಇರಲಿಲ್ಲ.

ಕತ್ತಲಾಗುವ ಮೊದಲು ಜುಂಜಮ್ಮ ಬಂದು ಗಂಡ ಮನೆಗೆ ಬಂದಿಲ್ಲ ಎಂದಳು. ಹಟ್ಟಿಯ ಯಜಮಾನ ಓಬಳಪ್ಪ, ಬೈರಪ್ಪ, ಇನ್ನೂ ನಾಲ್ಕು ಜನ ಸೇರಿ ಬಂಡೆ ನೋಡಿದರು.

"ಕಲ್ಲಿಲ್ಲ ಕಣಮ್ಮ. ಇಳ್ದವ್ನೆ."

"ಇಳ್ದಿದ್ರೆ ಮನೆಗೆ ಬರ್ತಿರ್ಲಿಲ್ವಾ? ಹೋಗಿ ನೋಡ್ರಪ್ಪ."

"ಕೈಗೆ ಕೂಲಿ ಬಂದಿರ್ತದೆ, ಮಧುಗಿರಿಗೆ ಕುಡಿಯಕ್ ಹೋಗವ್ನೆ. ಬೆಳಗ್ಗೆ ತಲೆ ಹಿಡ್ಕಂಡು ಬತ್ತಾನೆ ಬುಡು."

ಮಾರನೆಯ ದಿನವೂ ಅದೇ ಮಾತು. ಅವಳು ಒಬ್ಬಳೇ ಬೆಟ್ಟ ಹತ್ತಿ ಕೂಗಿ ಬಂದಳು. ಮೇಲಿನಿಂದ ಸಂದಿ ಕಾಣುವುದಿಲ್ಲ. ಕೂಗಿದರೆ ಉತ್ತರಿಸುವ ಶಕ್ತಿ ಆ ಹೊತ್ತಿಗೆ ಅವನಿಗೆ ಉಳಿದಿತ್ತೋ ಇಲ್ಲವೋ. ಅದರ ಮಾರನೆಯ ದಿನ ಹದ್ದುಗಳು ಒಂದೇ ಕಡೆ ಸುತ್ತುವುದನ್ನು ಕುರಿ ಕಾಯುವವರು ಕಂಡರು.

ಸಂದಿಯಲ್ಲಿ ಸಿಕ್ಕಿದಾಗ ಮುದ್ದಪ್ಪನ ತೊಡೆ ಮುರಿದಿತ್ತು. ತಲೆವಸ್ತ್ರದಿಂದ ತಾನೇ ಬಿಗಿದು ಕಟ್ಟಿಕೊಂಡಿದ್ದ. ಕೈಗೆ ಎಟುಕುವಷ್ಟು ದೂರದವರೆಗೆ ಸಂದಿಯ ಮೇಲೆ ಒಂದು ಹರಳೂ ಉಳಿದಿರಲಿಲ್ಲ, ಗುಡಿಸಿದ ಹಾಗಿತ್ತು. ಗಾಳಿ ಆಚೆಗಿತ್ತು. ಕೂಗು ಪಾವಗಡದ ಕಡೆ ಹೋಗುತ್ತದೆಂದು ಗೊತ್ತಾಗಿ, ಒಂದೊಂದೇ ಹರಳನ್ನು ಕೆಳಗೆ ಎಸೆದಿದ್ದ.

"ಹರಳು ಉದುರ್ತಿದ್ವು," ಎಂದ ಬೈರಪ್ಪ, ಹೆಣ ಇಳಿಸಿದ ದಿನ. "ಅವತ್ತೂ ಉದುರಿದ್ವು, ಮಾರ್ನೆ ಬೆಳಗ್ಗೇನೂ ಉದುರಿದ್ವು. ಕೋತಿ ಅಂದ್ಕಂಡೆ."

ಜುಂಜಮ್ಮ ಅವನನ್ನು ಬೈಯಲಿಲ್ಲ. ಸಂಚಿ ಬಿಚ್ಚಿ ನೋಡಿದಳು. ಎಲೆ, ಅಡಿಕೆ, ಸುಣ್ಣದ ಡಬ್ಬಿ. ಬೆಣಚುಕಲ್ಲು ಇರಲಿಲ್ಲ. ಮಣ್ಣು ಮಾಡಿದ ಮೇಲೆ ಕಾವಲು ಬಂಡೆಯಿಂದ ರಸ್ತೆಯವರೆಗೂ ಪೊದೆಪೊದೆ ತಡಕಿದಳು. ವ್ಯಾನು ನಿಲ್ಲುತ್ತಿದ್ದ ಜಾಗದ ಪಕ್ಕ, ಲಾಂಟಾನದ ಬುಡದಲ್ಲಿ ಅದು ಸಿಕ್ಕಿತು. ಮುದ್ದಪ್ಪ ಕಾಲು ಮುರಿದುಕೊಂಡು ಸಂದಿಯಲ್ಲಿದ್ದ. ಅವನ ಕಲ್ಲು ರಸ್ತೆಯವರೆಗೆ ಯಾರ ಕೈಯಲ್ಲಿ ಬಂತು?

ಪೊಲೀಸರು ಕೇಳಿದ್ದಕ್ಕೆ ರೇಣುಕಯ್ಯ ಬರೆದುಕೊಟ್ಟ ಹೇಳಿಕೆ ಹೀಗಿತ್ತು: ಗೈಡ್ ಕುಡಿದಿದ್ದ, ನಮ್ಮನ್ನು ಅರ್ಧ ದಾರಿಯಲ್ಲಿ ಬಿಟ್ಟು ಹೋದ, ಕಲ್ಲಿಡುವ ಪದ್ಧತಿಯೇನೋ ನನಗೆ ತಿಳಿಯದು. ಪುರವರದಲ್ಲಿ ಹುಟ್ಟಿ, ರಜಾದಿನಗಳಲ್ಲಿ ಇದೇ ಬೆಟ್ಟದಲ್ಲಿ ಸೀತಾಫಲ ಕದ್ದು ಬೆಳೆದವನಿಗೆ ತಿಳಿಯದಂತೆ! ಜುಂಜಮ್ಮ ಠಾಣೆಯ ಮೇಜಿನ ಮೇಲೆ ಬೆಣಚುಕಲ್ಲಿಟ್ಟಳು. ಕಲ್ಲು ಸಾಕ್ಷಿ ಹೇಳತ್ತೇನಮ್ಮ ಎಂದು ಅಲ್ಲಿದ್ದವರು ನಕ್ಕರು. ಕುಡುಕ ಬಿದ್ದು ಸತ್ತ ಎಂದು ಮುಗಿಸಿದರು. ಮುದ್ದಪ್ಪ ಕುಡಿಯುತ್ತಿದ್ದುದು ನಿಜ. ಬೆಟ್ಟ ಹತ್ತುವ ದಿನ ಎಂದೂ ಕುಡಿದವನಲ್ಲ. ಗುಂಪನ್ನು ನಡುವೆ ಬಿಟ್ಟು ಬಂದವನೂ ಅಲ್ಲ. ಸತ್ತದ್ದಕ್ಕಿಂತ ಈ ಎರಡು ಮಾತು ಜುಂಜಮ್ಮನನ್ನು ಸುಟ್ಟವು.

ನಾನು ಅವಳನ್ನು ಮೊದಲು ಕಂಡದ್ದು ಎಂಬತ್ತೊಂದರಲ್ಲಿ, ಮಧುಗಿರಿಯಲ್ಲಿ. ಕೂಲಿ ಹೆಚ್ಚಿಸಿ ಎಂದು ತಾಲ್ಲೂಕು ಕಚೇರಿಯ ಮುಂದೆ ಕೂಲಿಕಾರರ ಜೊತೆ ನಾವು ಕಾರ್ಯಕರ್ತರು ಧರಣಿ ಕೂತಿದ್ದೆವು. ಎಲ್ಲರ ಕೈಯಲ್ಲೂ ಅರ್ಜಿ. ಸಾಲಿನಲ್ಲಿ ಒಬ್ಬಳು ಹೆಂಗಸು ಸೆರಗಿನ ಗಂಟು ಹಿಡಿದು ಬರಿಗೈಲಿ ನಿಂತಿದ್ದಳು.

"ಅರ್ಜಿ ಎಲ್ಲಮ್ಮ?" ಎಂದೆ.

ಗಂಟು ಬಿಚ್ಚಿ ತೋರಿಸಿದಳು. "ಇದೇ. ಓದು ನೋಡಾನ."

ಅವಳಿಗೆ ಪರಿಹಾರ ಕೊಡಿಸುತ್ತೇವೆ ಎಂದೆವು. ಬೇಡ ಎಂದಳು. ಮತ್ತೇನು ಬೇಕು?

"ಎತ್ತಿದ ಕೈನಲ್ಲೇ ಇಡ್ಬೇಕು. ಕಾವಲು ಬಂಡೆ ಮೇಲೆ, ಹಟ್ಟಿಯೋರ ಮುಂದೆ. ಇಟ್ಟು, 'ನಾನೇ ಎತ್ತಿದ್ದೆ, ಅವನು ನಮ್ಮನ್ನ ಬುಟ್ಟು ಹೋಗ್ಲಿಲ್ಲ, ನಾವೇ ಅವನ್ನ ಬುಟ್ಟು ಬಂದೊ' ಅನ್ಬೇಕು. ಅಷ್ಟೇ."

"ರೇಣುಕಯ್ಯ ಮತ್ತೆ ಬರುತ್ತಾನಾ?"

"ಬತ್ತಾನೆ. ಬೆಟ್ಟದ ಚಟ ಹೆಂಡದ ಚಟಕ್ಕಿಂತ ಕೆಟ್ಟದ್ದು ಕಣಣ್ಣ. ನಾನು ಕಾಯ್ತೀನಿ. ಮೇಕೆ ಕಾಯೋಳಿಗೆ ಕಾಯದೇನು ಹೊಸದಾ?"

ಅವಳು ಕಾದಳು. ಗಂಡನ ಹಗ್ಗ ಹೆಗಲಿಗೆ ಹಾಕಿಕೊಂಡು, ಬಂದವರನ್ನು ತಾನೇ ಹತ್ತಿಸತೊಡಗಿದಳು. ಅವಳ ಬಾಯಿಗೆ ಹೆದರಿ ಕಾಲೇಜು ಹುಡುಗರು ಸಾಲು ತಪ್ಪುತ್ತಿರಲಿಲ್ಲ. "ಲೇ ಕನ್ನಡಕ, ಬಂಡೆ ನೋಡ್ಕಂಡು ಕಾಲಿಡ್ಲಾ, ಆ ಹುಡ್ಗಿ ಬೆನ್ನು ಎಲ್ಲಿಗೂ ಹೋಗಲ್ಲ!" ಎಂದು ಬುಡದಿಂದಲೇ ಗದರುತ್ತಿದ್ದಳು. ಕರಿಯಕ್ಕ ಸತ್ತಳು. ಮೇಕೆಗಳು ಹೆಚ್ಚಿದವು. ಪ್ರತಿ ವ್ಯಾನು ನಿಂತಾಗಲೂ ಇಳಿಯುವವರ ಮುಖ ನೋಡುತ್ತಿದ್ದಳು.

ಎಂಬತ್ತಾರರ ಬೇಸಿಗೆಯಲ್ಲಿ ಆ ಮುಖ ಇಳಿಯಿತು. ತಲೆ ಬೋಳಾಗಿತ್ತು, ಹೊಟ್ಟೆ ಬಂದಿತ್ತು, ಈಗ ಸಂಘದ ಅಧ್ಯಕ್ಷ. ಜೊತೆಗೆ ಹೊಸ ಮಂದಿ, ಬಣ್ಣ ಬಳಿದ ಒಂದು ತಗಡಿನ ಫಲಕ. ಫಲಕದಲ್ಲಿ 'ರೇಣುಕಯ್ಯ ಪಥ' ಎಂದು ಬರೆದಿತ್ತು. ಮೇಕೆಗಳು ಮಾಡಿದ ದಾರಿಗೆ, ಮುದ್ದಪ್ಪ ಹೆಗಲು ಕೊಟ್ಟ ದಾರಿಗೆ ಇವನ ಹೆಸರು. ಮುದ್ದಪ್ಪನ ಹೆಂಡತಿಯ ಮುಖವನ್ನು ಅವನು ಎಂದೂ ನೋಡಿದವನಲ್ಲ.

"ಹೆಂಗಸು ಗೈಡಾ? ಭೇಷ್," ಎಂದ. ಸಾರ್ಡೀನಿಯಾದ ಭಾಷಣವಾಯಿತು. ಆಮೇಲೆ, ಜುಂಜಮ್ಮ ಕಿವಿಗೊಟ್ಟು ನಿಂತಿದ್ದಂತೆಯೇ, ಕಾವಲು ಬಂಡೆಯ ಮುಂದೆ ಹೊಸಬರಿಗೆ ಪಾಠ ಶುರುಮಾಡಿದ. "ಇದು ನಮ್ಮೂರ ಕಡೆಯ ಬಹಳ ಹಳೆಯ ಪದ್ಧತಿ. ಹತ್ತುವಾಗ ಒಂದು ಕಲ್ಲಿಡಬೇಕು, ಇಳಿದ ಮೇಲೆ ಎತ್ತಬೇಕು. ಕಲ್ಲಿದ್ದರೆ ಮನುಷ್ಯ ಮೇಲಿದ್ದಾನೆ, ಇಲ್ಲದಿದ್ದರೆ ಇಳಿದಿದ್ದಾನೆ. ಎಷ್ಟು ಸರಳ ನೋಡಿ. ನಾನು ಚಿಕ್ಕಂದಿನಿಂದ ನೋಡಿದ್ದೇನೆ."

ಎಲ್ಲರೂ ಚಪ್ಪಾಳೆ ತಟ್ಟಿ ಕಲ್ಲಿಟ್ಟರು. ಜುಂಜಮ್ಮನೂ ಇಟ್ಟಳು.

ಮೇಲೆ ಹೋದ ಮೇಲೆ ಗುಂಪು ಸುಸ್ತಾಗಿ ನೀರಿನ ದೊಣೆಯ ಪಕ್ಕ ಕಾಲು ಚಾಚಿತು. ಹದ್ದು ಕಣ್ಣಿನ ಮಟ್ಟದಲ್ಲಿ ಹಾರುವ ಜಾಗವಿದೆ, ಎಲ್ಲರಿಗೂ ಆಗಲ್ಲ, ನಿಮಗಾದರೆ ತೋರಿಸುತ್ತೇನೆ ಎಂದು ರೇಣುಕಯ್ಯನಿಗೊಬ್ಬನಿಗೇ ಹೇಳಿದಳು. 'ನಿಮಗಾದರೆ' ಎಂಬ ಮಾತು ಸಾಕಾಯಿತು. ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡು ಹೊರಟ. ಸೊಂಟಕ್ಕೆ ಹಗ್ಗ ಕಟ್ಟಿ, ತಾನು ಬಂಡೆಗೆ ಕಾಲು ಕೊಟ್ಟು, ಅವನನ್ನು ಸಂದಿಗೆ ಇಳಿಸಿದಳು. ಫೋಟೊ ತೆಗೆಯಲು ಅಡ್ಡವಾಗುತ್ತೆ, ಹಗ್ಗ ಬಿಚ್ಚಿ ಎಂದಳು. ಬಿಚ್ಚಿದ. ಅವಳು ಹಗ್ಗ ಎಳೆದುಕೊಂಡಳು.

ಸ್ವಲ್ಪ ಹೊತ್ತಿಗೆ ಕೆಳಗಿನಿಂದ ದನಿ ಬಂತು. "ಫೋಟೊ ಆಯ್ತಮ್ಮ. ಹಗ್ಗ ಬಿಡು."

"ಕುಂತ್ಕಳಿ ಸ್ವಾಮಿ. ಆ ಜಾಗದಾಗೆ ನಿಮ್ಗಿಂತ ಮುಂಚೆ ಒಬ್ರು ಕುಂತಿದ್ರು."

"ಯಾರು?"

"ನನ್ ಗಂಡ. ನೀವು ಲೇ ಮುದ್ದಾ ಅಂತಿದ್ರಿ."

ಕೆಳಗೆ ಬೂಟು ಬಂಡೆಗೆ ಉಜ್ಜಿದ ಸದ್ದಾಯಿತು. ಆಮೇಲೆ, "ನೋಡಮ್ಮ, ಆಗಿದ್ದು ಆಗಿಹೋಯ್ತು. ಎಷ್ಟು ಬೇಕು ಹೇಳು."

"ಅವನ ಕಲ್ಲು ಎತ್ತಿದ್ದು ಯಾರು?"

"ಯಾವ ಕಲ್ಲು? ಆ ಪದ್ಧತಿನೇ ನನಗೆ ಗೊತ್ತಿಲ್ಲ ಅಂತ ಆಗಲೇ ಪೊಲೀಸರಿಗೆ ಹೇಳಿದ್ದೀನಿ."

"ಬೆಳಗ್ಗೆ ಪಾಠ ಹೇಳಿದ್ರಲ್ಲ. ನಾನೂ ಕೇಳಿಸ್ಕಂಡೆ. ಬಾಳ ಚೆನ್ನಾಗಿ ಹೇಳಿದ್ರಿ."

ಅವನು ಕೂಗಿದ, ಬೈದ, ಅಮ್ಮಾ ತಾಯಿ ಎಂದ. ಜುಂಜಮ್ಮ ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡು ದೊಣೆಯ ಹತ್ತಿರ ಹೋದಳು. ಗುಂಪನ್ನು ಎಬ್ಬಿಸಿ, ತಾನು ಮುಂದೆ ಹೋಗಿ ದಾರಿ ನೋಡುತ್ತೇನೆ, ಹಿಂದೆ ಬನ್ನಿ ಎಂದಳು. ಇಳಿಯುವಾಗ ಗೈಡು ಎಲ್ಲರಿಗಿಂತ ಕೆಳಗಿರುವುದು ಹೋತನಗಲ್ಲಿನ ಕ್ರಮ. ಆದ್ದರಿಂದ ಕಾವಲು ಬಂಡೆಯ ಹತ್ತಿರ ಮೊದಲು ಬಂದವಳು ಅವಳೇ.

ಅಂಗಡಿಯಲ್ಲಿ ಬೈರಪ್ಪ ಕೂತಿದ್ದ. ಅವನು ನೋಡುತ್ತಿದ್ದಂತೆಯೇ ಜುಂಜಮ್ಮ ತನ್ನ ಕಲ್ಲನ್ನು ಎತ್ತಿ ಪೊದೆಗೆ ಎಸೆದಳು. ಆಮೇಲೆ ರೇಣುಕಯ್ಯನ ಕಲ್ಲನ್ನೂ ಎತ್ತಿ ಸೆರಗಿಗೆ ಕಟ್ಟಿಕೊಂಡಳು.

"ನೋಡ್ದೆ ಕಣಮ್ಮ," ಎಂದ ಬೈರಪ್ಪ.

"ನೋಡಿದ್ರೆ ನೋಡು."

ಅವನು ಬೀಡಿ ಕಟ್ಟು ಬಿಚ್ಚಿದ. "ಬೀಡಿ ಕೊಡ್ಲಾ?"

"ಕೊಡು."

ಗುಂಪು ಇಳಿದು ಬಂತು. "ಸರ್ ಎಲ್ಲಿ?"

"ಮುಂಚೆನೇ ಇಳ್ದು ಹೋದ್ರಲ್ಲ," ಎಂದಳು ಜುಂಜಮ್ಮ, ಅದೇ ಮಾತು, ಅದೇ ಜಾಗ.

ಅವರು ಬಂಡೆ ನೋಡಿದರು. ಅಧ್ಯಕ್ಷರ ಕಲ್ಲಿಲ್ಲ. ಪಾಠ ಚೆನ್ನಾಗಿ ತಲೆಗೆ ಹತ್ತಿತ್ತು. "ಪುರವರದಲ್ಲಿ ಅಣ್ಣನ ಮನೆಗೆ ಹೋಗಬೇಕು ಅಂತಿದ್ರು, ಅಲ್ಲಿಗೇ ಹೋಗಿರ್ತಾರೆ," ಎಂದು ಕಾರಣವನ್ನೂ ತಾವೇ ಒದಗಿಸಿಕೊಂಡು ವ್ಯಾನು ಹತ್ತಿದರು. ಮುಖಂಡನನ್ನು ಬಿಟ್ಟುಹೋಗುವುದು ಎಷ್ಟು ಸಲೀಸು ನೋಡಿ.

ಜುಂಜಮ್ಮ ಮನೆಗೆ ಹೋಗಿ ಮೇಕೆ ಕಟ್ಟಿದಳು, ಹಿಟ್ಟು ತಿರುವಿ ಉಂಡಳು, ಮಲಗಿದಳು. ನಿದ್ದೆ ಬಂತಾ ಎಂದು ಆಮೇಲೆ ಕೇಳಿದ್ದೆ. "ಏಳು ವರ್ಷದಿಂದ ಬರ್ದಿದ್ದ ನಿದ್ದೆ ಬಂತು," ಎಂದಳು.

ಬೆಳಗ್ಗೆ ಅಂಗಡಿಯ ಹತ್ತಿರ ಹೋದಳು. ಬೈರಪ್ಪ ಮುಖ ತಗ್ಗಿಸಿಕೊಂಡು ಬಾಗಿಲ ಪಕ್ಕ ತೋರಿಸಿದ.

"ಒಂದ್ ಬೂಟ್ ಬಿತ್ತು ಕಣಮ್ಮ."

"ಕೋತೀದಿರ್ಬೇಕು."

"ಆಡ್ಕಬ್ಯಾಡ ಕಣಮ್ಮ ನನ್ನ."

"ಇನ್ನೊಂದೂ ಬೀಳ್ಲಿ ತಡಿ."

ಎಸೆಯಲು ಅವನಿಗೆ ಹರಳುಗಳಿರಲಿಲ್ಲ. ಇದ್ದುದನ್ನೆಲ್ಲ ಮುದ್ದಪ್ಪ ಎಸೆದು ಮುಗಿಸಿದ್ದ.

ಬಿಸಿಲೇರಿದ ಮೇಲೆ ಎರಡನೆಯ ಬೂಟು ಬಿತ್ತು. ಆಗ ಜುಂಜಮ್ಮ ಹಟ್ಟಿಯ ನಡುವೆ ನಿಂತು, ಮೇಲೆ ಒಬ್ಬನಿದ್ದಾನೆ, ಅವನ ಕಲ್ಲು ಎತ್ತಿದ್ದು ನಾನು ಎಂದು ಕೂಗಿ ಹೇಳಿದಳು. ಹೆಂಗಸರು ಬಾಯಿಗೆ ಸೆರಗು ಮುಚ್ಚಿಕೊಂಡರು. ಓಬಳಪ್ಪ ಅವಳನ್ನು ಹೊಡೆಯಲು ಕೈಯೆತ್ತಿ, ಆಮೇಲೆ ಕೈ ಇಳಿಸಿ, ಮೊದಲು ಹತ್ತಿರಿ ಎಂದ.

ಸಂದಿಯ ಮೇಲ್ಗಡೆ ಹಟ್ಟಿಯ ಗಂಡಸರು ನಿಂತರು. ಜುಂಜಮ್ಮ ಅವರು ತಂದ ಹಗ್ಗವನ್ನೂ ಕಸಿದು ತನ್ನದರ ಜೊತೆ ಸೊಂಟಕ್ಕೆ ಸುತ್ತಿಕೊಂಡು ಬಂಡೆಯ ಅಂಚಿನಲ್ಲಿ ಕೂತಳು. "ಇವನು ಬಾಯಿ ಬುಡೋಗಂಟ ಹಗ್ಗ ಬುಡಲ್ಲ. ಕಿತ್ಕಳಕ್ಕೆ ಬಂದ್ರೆ ನಾನೂ ಹಗ್ಗಾನೂ ಕೆಳಗೆ."

ಓಬಳಪ್ಪ ಬಗ್ಗಿ 'ಸ್ವಾಮಿ' ಎಂದು ಕೂಗಿದ. ಒಡೆದ ಗಂಟಲಿನ ಉತ್ತರ ಬಂತು. "ಮುದ್ದಪ್ಪನ ಕಲ್ಲು ಎತ್ತಿದ್ದು ನೀವೇನಾ?" ಎಂದು ಕೇಳಿದ.

ರೇಣುಕಯ್ಯ ಹೇಳಿದ. ಒಂದೇ ಸಲಕ್ಕೆ, ಅಳುತ್ತ, ಎಲ್ಲ ಹೇಳಿದ. ಮಳೆಯಲ್ಲಿ ಕ್ಯಾನ್ವಾಸ್ ಬೂಟಿನ ಒಬ್ಬ ಹೆಂಗಸಿನ ಕಾಲು ಜಾರಿತು. ಮುದ್ದಪ್ಪ ಕೆಳಗಿನಿಂದ ಹೆಗಲು ಕೊಟ್ಟ. ಅವಳು ಉಳಿದಳು, ಅವನು ಜಾರಿ ಸಂದಿಗೆ ಬಿದ್ದ. ಕೂಗುತ್ತಿದ್ದ. ಅರ್ಧ ದಾರಿ ಇಳಿಯುವವರೆಗೂ ಎಲ್ಲರಿಗೂ ಕೇಳಿಸುತ್ತಿತ್ತು. ಹಟ್ಟಿಯವರು ಕಂಡರೆ ವ್ಯಾನು ಸುಡುತ್ತಾರೆ, ಪೊಲೀಸು, ಪತ್ರಿಕೆ, ಮತ್ತೆ ಇಟಲಿಗೆ ಕಳಿಸುವುದಿತ್ತು, ಅದೂ ಹೋಗುತ್ತದೆ ಎಂದು ಹೆದರಿದ. ಕೆಳಗೆ ಎಲ್ಲರೂ ಅವರವರ ಕಲ್ಲು ಎತ್ತಿದರು. ಒಂದು ಉಳಿಯಿತು. ಅದನ್ನು ಜೇಬಿಗೆ ಹಾಕಿಕೊಂಡ. ಎಲ್ಲರೂ ನೋಡಿದರು. ಯಾರೂ ಏನೂ ಅನ್ನಲಿಲ್ಲ. ವ್ಯಾನಿನ ಹತ್ತಿರ ಅದನ್ನು ಎಸೆದ.

ಜುಂಜಮ್ಮ ಹಗ್ಗ ಬಿಟ್ಟಳು.

ಇಳಿದು ಬಂದ ಮೇಲೆ ಬೆಣಚುಕಲ್ಲನ್ನು ಅವನ ಕೈಗೆ ಕೊಟ್ಟು, ಬಂಡೆಯ ಮೇಲಿಡು ಎಂದಳು. ನೆಲ ಮುಟ್ಟಿದ ಮನುಷ್ಯನೇ ಬೇರೆ. ಬರಿಗಾಲಲ್ಲಿ ನಿಂತು ನೀರು ಕುಡಿದ, ಕಲ್ಲನ್ನು ಅವಳ ಕಾಲ ಹತ್ತಿರ ಎಸೆದ, ಸೀದಾ ಠಾಣೆಗೆ ಹೋದ. ಕೊಲ್ಲಲು ನೋಡಿದಳು ಎಂದು ಕೇಸು ಹಾಕಿದ. ಜುಂಜಮ್ಮ ಒಂದೂವರೆ ವರ್ಷ ಜೈಲಿನಲ್ಲಿದ್ದಳು. ನಾವು ಮೆರವಣಿಗೆ ಮಾಡಿದೆವು, ಕೂಗಿದೆವು, ಲಾಠಿ ತಿಂದೆವು. ಏನೂ ಆಗಲಿಲ್ಲ. ಪ್ರಾಣಭಯದಲ್ಲಿ ಆಡಿದ ಮಾತು ತಪ್ಪೊಪ್ಪಿಗೆಯಲ್ಲ ಎಂದರು ವಕೀಲರು. ರೇಣುಕಯ್ಯನಿಗೆ ಸಂಘದವರು ಶಾಲು ಹೊದಿಸಿದರು.

ಅವಳು ಮಾಡಿದ್ದು ಸರಿಯೇ ಎಂದು ನನ್ನನ್ನು ಕೇಳುವವರಿದ್ದಾರೆ. ಕೇಳುವವರು ಯಾರೂ ಒಂದು ಹರಳನ್ನೂ ಕೆಳಗೆ ಎಸೆದು ಕಾದವರಲ್ಲ.

ಆದರೆ ಹಟ್ಟಿ ಅವಳಿಗೆ ಹಾಕಿದ ಶಿಕ್ಷೆ ಕೋರ್ಟಿನದಕ್ಕಿಂತ ದೊಡ್ಡದು. ಜೈಲಿನಿಂದ ಬಂದ ದಿನ ಓಬಳಪ್ಪ ಎಲ್ಲರನ್ನೂ ಕಾವಲು ಬಂಡೆಯ ಹತ್ತಿರ ಕೂರಿಸಿದ. ನಾನೂ ಅಲ್ಲಿದ್ದೆ.

"ಇನ್ನೊಬ್ರ ಕಲ್ಲು ಮುಟ್ಟಿದ್ದೀಯ. ಇನ್ಮೇಲೆ ಈ ಬಂಡೆ ಮೇಲೆ ನಿನ್ ಕಲ್ಲಿಲ್ಲ ಕಣಮ್ಮ."

"ಅವನು ಎತ್ತಿದ್ದ ಅಂತ ಅವನೇ ಬೊಗಳಿದ್ನಲ್ಲ ಯಜಮಾನ್ರೆ. ನೀವೇ ಕೇಳಿಸ್ಕಂಡ್ರಿ."

"ಕೇಳಿಸ್ಕಂಡೆ. ಹಗ್ಗ ನೋಡ್ಕಂಡು ಆಡಿದ ಮಾತು ಅದು. ನನ್ನ ಸಂದಿಗೆ ಇಳಿಬುಟ್ರೆ ಮುದ್ದಪ್ಪನ್ನ ತಳ್ಳಿದ್ದೇ ನಾನು ಅಂತೀನಿ. ಅದನ್ನ ಬಂಡೆ ಒಪ್ಪಲ್ಲ."

"ಇನ್ನೇನು ಒಪ್ತದೆ ನಿಮ್ ಬಂಡೆ?"

ಓಬಳಪ್ಪ ಯೋಚನೆ ಮಾಡಿ ಹೇಳಿದ. "ಅವತ್ತು ಆ ವ್ಯಾನಲ್ಲಿ ಬಂದೋರು ಒಬ್ರಾಗ್ಲಿ, ತಮ್ ಕಾಲ ಮೇಲೆ ನಡ್ಕಂಡು ಇಲ್ಲಿಗೆ ಬರ್ಲಿ. ಯಾರೂ ಹೆದರಿಸ್ಬಾರ್ದು, ಯಾರೂ ಎಳಕಂಡ್ ಬರ್ಬಾರ್ದು. ಬಂದು ಮುದ್ದಪ್ಪನ ಕಲ್ಲನ್ನ ಬಂಡೆ ಮೇಲಿಟ್ಟು, 'ರೇಣುಕಯ್ಯ ಎತ್ತಿದ್ದ ನಾನು ಕಂಡೆ' ಅನ್ಲಿ. ಅವತ್ತು ಕಲ್ಲಿಗೆ ಕಲ್ಲು ಸರಿಯಾಯ್ತು. ನಿನ್ ಕಲ್ಲು ನಿನ್ಗೆ. ಅಲ್ಲಿಗಂಟ ಇಲ್ಲ."

ಈಗ ಎಂಬತ್ತೊಂಬತ್ತು. ಜುಂಜಮ್ಮ ಇಂದಿಗೂ ಮೇಕೆ ಹೊಡೆದುಕೊಂಡು ದಿನಾ ಬೆಟ್ಟ ಹತ್ತುತ್ತಾಳೆ, ಕಲ್ಲಿಡದೆ. ಅವಳು ಜಾರಿದರೆ, ಹಾವು ಕಚ್ಚಿದರೆ, ಸಂಜೆ ಬಂಡೆ ಖಾಲಿಯಿರುತ್ತದೆ. ಯಾರೂ ಹೊರಡುವುದಿಲ್ಲ. ಬೈರಪ್ಪನೊಬ್ಬ ಅವಳು ಇಳಿಯುವವರೆಗೆ ಅಂಗಡಿ ಮುಚ್ಚುವುದಿಲ್ಲ. ಅವನಿಗೂ ವಯಸ್ಸಾಯಿತು.

ಹೆದರಿಕೆಯಾಗುವುದಿಲ್ಲವೇ ಎಂದು ಕಳೆದ ತಿಂಗಳು ಕೇಳಿದೆ.

"ಮೇಲೆ ಸತ್ರೆ ಹದ್ದು ತಿಂತವೆ. ಕೆಳಗೆ ಸತ್ರೆ ನಿನ್ನಂತೋರು ಬಂದು ಭಾಷಣ ಮಾಡ್ತೀರಿ. ಹದ್ದೇ ವಾಸಿ ಬುಡಣ್ಣ," ಎಂದಳು. ಬೆಣಚುಕಲ್ಲು ಸೆರಗಿನಲ್ಲೇ ಇತ್ತು.

ಇನ್ನು ನಿಮ್ಮ ಸರದಿ. ಅವತ್ತು ವ್ಯಾನಿನ ತುಂಬ ಜನ ಇದ್ದಿರಿ. ಬ್ಯಾಂಕಿನವರು, ಮೇಷ್ಟ್ರುಗಳು, ಕಾರ್ಖಾನೆಯವರು. ಪುಸ್ತಕ ಓದುವ ಜಾತಿಯೇ. ನಿಮ್ಮ ನಿಮ್ಮ ಕಲ್ಲನ್ನು ಎತ್ತಿದಿರಿ, ಒಂದು ಉಳಿದದ್ದನ್ನು ಕಂಡಿರಿ, ಅದು ಯಾರ ಜೇಬಿಗೆ ಹೋಯಿತೆಂದೂ ಕಂಡಿರಿ. ಕ್ಯಾನ್ವಾಸ್ ಬೂಟಿನ ತಾಯಿ, ನಿನ್ನ ಕಾಲಿನ ಕೆಳಗೆ ಒಂದು ಹೆಗಲಿತ್ತು, ಮರೆತೆಯಾ? ನೀವು ವ್ಯಾನಿನಲ್ಲಿ ಇರಲಿಲ್ಲವೇ? ಹಾಗಾದರೆ ನಿಮ್ಮ ಮನೆಯ ಗೋಡೆ ನೋಡಿ, ಅಣ್ಣನ ಮನೆಯ ಗೋಡೆ, ಮೇಲಧಿಕಾರಿಯ ಕೋಣೆಯ ಗೋಡೆ ನೋಡಿ. ಬೋಳು ಬಂಡೆಯ ಮೇಲೆ ನಗುತ್ತ ನಿಂತ ಗುಂಪಿನ ಹಳೆಯ ಫೋಟೊ ನೇತುಹಾಕಿಕೊಂಡವರನ್ನು ಹಿಡಿದು ಕೇಳಿ: ಎಪ್ಪತ್ತೊಂಬತ್ತರಲ್ಲಿ ಹೋತನಗಲ್ಲಿಗೆ ಹೋಗಿದ್ದೆಯಾ, ಉಳಿದ ಕಲ್ಲನ್ನು ಎತ್ತಿದ್ದು ಯಾರು?

ದುಡ್ಡು ಕಳಿಸಬೇಡಿ. ಕಾಗದ ಬರೆಯಬೇಡಿ. ಮಧುಗಿರಿಯಲ್ಲಿ ಬಸ್ಸಿಳಿದು ಪುರವರದ ದಾರಿ ಹಿಡಿಯಿರಿ. ಜುಂಜಮ್ಮ ಇನ್ನೊಮ್ಮೆ ಕಲ್ಲಿಡದೆ ಬೆಟ್ಟ ಹತ್ತುವ ಮೊದಲು ಬನ್ನಿ. ಮುದ್ದಪ್ಪನ ಕಲ್ಲನ್ನು ಅವಳ ಕೈಯಿಂದ ತೆಗೆದುಕೊಂಡು ಕಾವಲು ಬಂಡೆಯ ಮೇಲಿಡಿ, ಕಂಡದ್ದನ್ನು ಬಾಯಿಬಿಟ್ಟು ಹೇಳಿ.